ಬಾಳನ್ನು ತಿದ್ದುವ ಪುಸ್ತಕಗಳು

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಯಾವುದಾದರೊಂದು ಪುಸ್ತಕದಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಪಂಚಾಂಗ, ಅಡುಗೆಯ ಪುಸ್ತಕ, ಪರೀಕ್ಷೆಯ ಗೈಡುಗಳ ನಡುವೆ, ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ, ಮಿನುಗುವ ಹೊದಿಕೆಯ ಇನ್ನೊಂದು ಬಗೆಯ ಪುಸ್ತಕಗಳು ಕಾಣುತ್ತವೆ. ಗೆಲ್ಲುವುದು ಹೇಗೆ, ಹಣ ಗಳಿಸುವುದು ಹೇಗೆ, ಅಂಜಿಕೆ ಬಿಡುವುದು ಹೇಗೆ, ನಾಲ್ಕು ಜನರ ಮುಂದೆ ಮಾತನಾಡುವುದು ಹೇಗೆ, ಬರೆಯುವುದು ಹೇಗೆ ಎಂದು ಅವು ಕೂಗಿ ಕರೆಯುತ್ತವೆ. ಇವಕ್ಕೆ ಅಂಗಡಿಯವರು ಇಟ್ಟಿರುವ ಹೆಸರು ‘ವ್ಯಕ್ತಿತ್ವ ವಿಕಸನ’. ಇಂಗ್ಲಿಷಿನಿಂದ ಬಂದವು ಕೆಲವು, ಕನ್ನಡದಲ್ಲೇ ಹುಟ್ಟಿದವು ಕೆಲವು.

ಇವನ್ನು ಕುರಿತು ನಮ್ಮಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ನಗುತ್ತಾರೆ. “ಪುಸ್ತಕದ ಬದನೆಕಾಯಿಯಿಂದ ಹುಳಿ ಆದೀತೇ?” ಎಂಬುದು ಅವರ ಪ್ರಶ್ನೆ. ಇನ್ನೊಂದು ಪಂಗಡದವರು ಆ ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟಂತೆ ಇಟ್ಟುಕೊಂಡು, ಅದರಲ್ಲಿ ಬರೆದದ್ದೆಲ್ಲ ತಮಗೂ ಆಗಿಯೇ ತೀರುತ್ತದೆಂದು ಕಾಯುತ್ತಾರೆ. ಎರಡು ಕಡೆಯವರಿಗೂ ನಷ್ಟವಿದೆ. ನಗುವವರು ಒಳ್ಳೆಯದೊಂದು ನೆರವನ್ನು ಕಳೆದುಕೊಳ್ಳುತ್ತಾರೆ. ಕಾಯುವವರು ಅದಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುವ ಅಪಾಯವಿದೆ. ಆದುದರಿಂದ ಇಂಥ ಪುಸ್ತಕಗಳು ಎಲ್ಲಿಂದ ಬಂದವು, ಯಾವುದು ನಿಜವಾಗಿ ಕೆಲಸ ಮಾಡಿದೆ, ಯಾವುದನ್ನು ದೂರವಿಡಬೇಕು, ಹೇಗೆ ಓದಬೇಕು ಎಂಬುದನ್ನು ನಿಮ್ಮ ಮುಂದೆ ಇಡಬೇಕೆಂದು ಈ ಲೇಖನ.

ಹಳೆಯ ನೆಂಟಸ್ತಿಕೆ

ಮೊದಲು ಒಂದು ಮಾತು. ಬದುಕುವ ಬಗೆಯನ್ನು ಪುಸ್ತಕದಲ್ಲಿ ಹೇಳುವುದು ಪರದೇಶದಿಂದ ಬಂದ ಹೊಸ ವ್ಯಾಪಾರವೆಂದು ತಿಳಿಯಬೇಕಾಗಿಲ್ಲ. ಸರ್ವಜ್ಞನ ತ್ರಿಪದಿಗಳು ಅದನ್ನೇ ಮಾಡಿದವು. ನಮ್ಮ ಅಜ್ಜಂದಿರು ಐಗಳ ಮಠದ ಜಗಲಿಯ ಮೇಲೆ ಕುಳಿತು ಬಾಯಿಪಾಠ ಮಾಡಿದ ‘ಸೋಮೇಶ್ವರ ಶತಕ’ ಅದನ್ನೇ ಮಾಡಿತು. ಆ ಶತಕದ ಕವಿ ತಿಳಿವಳಿಕೆ ಬರುವ ದಾರಿಗಳನ್ನು ಎಣಿಸುವಾಗ ಪುಸ್ತಕವೊಂದನ್ನೇ ಹಿಡಿದು ಕೂರಲಿಲ್ಲ ಎಂಬುದನ್ನು ನೀವು ನೆನಪಿಗೆ ತಂದುಕೊಳ್ಳಬೇಕು. ಬಲ್ಲವರ ಬಾಯಿ, ಶಾಸ್ತ್ರದ ಶ್ರವಣ, ಕೆಲಸ ಮಾಡುವವರ ಕೈ, ಸಜ್ಜನರ ಸಹವಾಸ, ಇವೆಲ್ಲವೂ ಅವನ ಲೆಕ್ಕದಲ್ಲಿ ಗುರುಗಳೇ. ಈ ವಿವೇಕ ನಮಗೆ ಮುಂದೆ ಬೇಕಾಗುತ್ತದೆ.

ಇನ್ನು ಬರೆಯುವುದನ್ನು, ಕಟ್ಟುವುದನ್ನು ಕಲಿಸುವ ಪುಸ್ತಕ ಬೇಕೆಂದರೆ, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದೇ ಅಂಥದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ ಕಥೆಯನ್ನು ಹೇಳುವ ಕಾವ್ಯವಲ್ಲ. ಬರೆಯಹೊರಟವನಿಗೆ ದಾರಿ ತೋರುವ ಕೈಪಿಡಿ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಗಳನ್ನು ಕುರಿತದ್ದು, ಉಳಿದೆರಡು ಅಲಂಕಾರಗಳನ್ನು ಕುರಿತವು. ತಪ್ಪನ್ನು ಕಾಣುವ ಕಣ್ಣು ಮೊದಲು, ಒಡವೆ ಆಮೇಲೆ. ಹನ್ನೊಂದು ಶತಮಾನಗಳಾದರೂ ಈ ಕ್ರಮ ಕೆಟ್ಟಿಲ್ಲ.

ಕಾಲರಾ ಕೋಣೆಯಲ್ಲಿ ಹುಟ್ಟಿದ ಪುಸ್ತಕ

ಈಗಿನ ಬಗೆಯ ಸ್ವಸಹಾಯ ಪುಸ್ತಕಗಳಿಗೆ ಆ ಹೆಸರು ಬಂದದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಸ್ಕಾಟ್ಲೆಂಡಿನ ಲೇಖಕನಿಂದ. 1812ರಲ್ಲಿ ಹುಟ್ಟಿದ ಈತ ವೈದ್ಯವೃತ್ತಿಗೆ ಓದಿದವನು. ಆಮೇಲೆ ಪತ್ರಿಕೆಯ ಸಂಪಾದಕನಾದನು, ರೈಲ್ವೆ ಕಂಪೆನಿಯ ಕಾರ್ಯದರ್ಶಿಯಾದನು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಎರಡು ಮೂರು ಜನ ಬಡ ಕೆಲಸಗಾರರು ಸಂಜೆಯ ಹೊತ್ತು ಒಂದೆಡೆ ಸೇರಿ, ಒಬ್ಬನಿಗೆ ಗೊತ್ತಿದ್ದುದನ್ನು ಇನ್ನೊಬ್ಬನಿಗೆ ಹೇಳಿಕೊಡುವ ಪದ್ಧತಿಯನ್ನು ಇಟ್ಟುಕೊಂಡರು. ಓದು, ಬರಹ, ಲೆಕ್ಕ, ಭೂಗೋಳ, ಇವೇ ಪಾಠಗಳು. ಗುಂಪು ಬೆಳೆದು ನೂರರ ಹತ್ತಿರಕ್ಕೆ ಬಂದಾಗ ಅವರು ದೊಡ್ಡದೊಂದು ಕೋಣೆಯನ್ನು ಬಾಡಿಗೆಗೆ ಹಿಡಿದರು. ಅದು ಹಿಂದೆ ಕಾಲರಾ ರೋಗಿಗಳನ್ನು ಇಟ್ಟಿದ್ದ ಆಸ್ಪತ್ರೆಯಾಗಿದ್ದುದರಿಂದ ಬೇರೆ ಯಾರೂ ಅದರ ಬಳಿಗೆ ಸುಳಿಯುತ್ತಿರಲಿಲ್ಲ. ಅಲ್ಲಿಗೆ ಬಂದು ತಮಗೆ ನಾಲ್ಕು ಮಾತು ಹೇಳಬೇಕೆಂದು ಅವರು ಸ್ಮೈಲ್ಸನನ್ನು ಕರೆದರು. 1845ರಲ್ಲಿ ಅಲ್ಲಿ ಆಡಿದ ಮಾತುಗಳೇ ಮುಂದೆ ಬೆಳೆದು ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕವಾದವು.

ಹಸ್ತಪ್ರತಿಯನ್ನು ಮೊದಲು ನೋಡಿದ ಪ್ರಕಾಶಕರು ಬೇಡವೆಂದರು. ಕಡೆಗೆ 1859ರಲ್ಲಿ ಅದು ಅಚ್ಚಾಯಿತು. ಡಾರ್ವಿನನ ಜೀವಿಗಳ ಉಗಮವನ್ನು ಕುರಿತ ಗ್ರಂಥ ಬಂದದ್ದೂ ಅದೇ ವರ್ಷ. ಮೊದಲ ವರ್ಷದಲ್ಲೇ ಇಪ್ಪತ್ತು ಸಾವಿರ ಪ್ರತಿಗಳು ಖರ್ಚಾದವು. 1871ರಲ್ಲಿ ನಕಮುರಾ ಮಸನಾವೊ ಎಂಬ ವಿದ್ವಾಂಸ ಅದನ್ನು ಜಪಾನೀ ಭಾಷೆಗೆ ತಂದಾಗ, ಹೊಸ ನಾಡನ್ನು ಕಟ್ಟಹೊರಟಿದ್ದ ಅಲ್ಲಿನ ತರುಣರು ಅದನ್ನು ಪಠ್ಯದಂತೆ ಓದಿದರು.

ಆ ಪುಸ್ತಕದಲ್ಲಿ ಇದ್ದುದೇನು? ಕುಂಬಾರರು, ನೇಕಾರರು, ಯಂತ್ರ ಕಂಡುಹಿಡಿದವರು, ಹೊಲಿಗೆಯವರ ಮಕ್ಕಳು, ತಾಳ್ಮೆಯಿಂದ ದುಡಿದು ಮೇಲೆ ಬಂದ ನೂರಾರು ಜನರ ಚಿಕ್ಕ ಚಿಕ್ಕ ಜೀವನಚಿತ್ರಗಳು. ಆದರೆ ಪುಸ್ತಕದ ಹೆಸರನ್ನು ಮಾತ್ರ ಕೇಳಿದ ಹಲವರು, ‘ನಿನ್ನನ್ನು ನೀನು ನೋಡಿಕೊ, ಉಳಿದವರ ಗೊಡವೆ ಬೇಡ’ ಎಂಬುದೇ ಅದರ ಬೋಧೆಯೆಂದು ತಿಳಿದರು. ಸ್ಮೈಲ್ಸನಿಗೆ ಇದು ನೋವುಂಟುಮಾಡಿತು. 1866ರ ಮುದ್ರಣದ ಮುನ್ನುಡಿಯಲ್ಲಿ ಆತ, ತನಗೆ ತಾನು ನೆರವಾಗುವುದೆಂದರೆ ಅದರಲ್ಲಿ ನೆರೆಯವನಿಗೆ ನೆರವಾಗುವುದೂ ಸೇರಿದೆಯೆಂದು ವಿವರಿಸಬೇಕಾಯಿತು. ಪುಸ್ತಕ ಹುಟ್ಟಿದ್ದೇ ಒಬ್ಬರಿಗೊಬ್ಬರು ಕಲಿಸುತ್ತಿದ್ದ ಒಂದು ಗುಂಪಿನಲ್ಲಿ ಎಂಬುದನ್ನು ಜನ ಮರೆತಿದ್ದರು.

ಗೆರೆ ಎಳೆದ ಪುಟ್ಟ ಪುಸ್ತಕ

ಓದಿದವರ ಬಾಳು ಬದಲಾಯಿತೆಂದು ಹೇಳುವುದು ಸುಲಭ. ಹೇಗೆ ಬದಲಾಯಿತು ಎಂಬ ಪ್ರಶ್ನೆಗೆ ನನಗೆ ತಿಳಿದಂತೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಟ್ಟವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ ನಗರದಲ್ಲಿ, ಮೇಣದಬತ್ತಿ ಮತ್ತು ಸಾಬೂನು ಮಾಡುವವನ ಮನೆಯಲ್ಲಿ, ಹದಿನೇಳು ಮಕ್ಕಳಲ್ಲಿ ಹದಿನೈದನೆಯವನಾಗಿ ಹುಟ್ಟಿದವನು. ಹತ್ತನೆಯ ವಯಸ್ಸಿಗೆ ಶಾಲೆ ಮುಗಿಯಿತು. ಹನ್ನೆರಡಕ್ಕೆ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದನು. ಇಂಥವನು ಮುಂದೆ ವಿಜ್ಞಾನಿ, ಲೇಖಕ, ರಾಜತಂತ್ರಜ್ಞ ಎಲ್ಲವೂ ಆದನು.

ತರುಣನಾಗಿದ್ದಾಗ ಆತ ತನ್ನ ನಡತೆಯನ್ನು ತಿದ್ದಿಕೊಳ್ಳಬೇಕೆಂದು ಹದಿಮೂರು ಗುಣಗಳ ಪಟ್ಟಿಯೊಂದನ್ನು ಮಾಡಿದನು. ಮಿತಾಹಾರ, ಮಿತಭಾಷಣ, ಅಚ್ಚುಕಟ್ಟು, ಮಿತವ್ಯಯ, ದುಡಿಮೆ, ವಿನಯ ಇವು ಅವುಗಳಲ್ಲಿ ಕೆಲವು. ಆಮೇಲೆ ಒಂದು ಪುಟ್ಟ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದು, ವಾರದ ಏಳು ದಿನಗಳಿಗೆ ಏಳು ಕಂಬಸಾಲು, ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲು ಮಾಡಿಕೊಂಡನು. ರಾತ್ರಿ ಮಲಗುವ ಮುಂಚೆ, ಆ ದಿನ ಯಾವ ಗುಣದಲ್ಲಿ ತಪ್ಪಿದೆನೋ ಅಲ್ಲಿ ಒಂದು ಕಪ್ಪು ಚುಕ್ಕೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗದೆ ವಾರಕ್ಕೊಂದು ಗುಣದ ಮೇಲೆ ಮಾತ್ರ ಹೆಚ್ಚಿನ ಗಮನ. ಹದಿಮೂರು ವಾರಗಳಿಗೆ ಒಂದು ಸುತ್ತು. ವರ್ಷಕ್ಕೆ ನಾಲ್ಕು ಸುತ್ತು. ತೋಟದ ಕಳೆಯನ್ನು ಒಂದೇ ದಿನ ಕೀಳಲು ಹೋಗುವವನು ಕೆಡುತ್ತಾನೆ; ದಿನಕ್ಕೊಂದು ಪಾತಿ ಎಂದುಕೊಂಡವನು ಮುಗಿಸುತ್ತಾನೆ.

ಆತ ಗೆದ್ದನೇ? ಪೂರ್ತಿ ಗೆಲ್ಲಲಿಲ್ಲವೆಂದು ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅಚ್ಚುಕಟ್ಟು ಅವನಿಗೆ ಕಡೆಯವರೆಗೂ ಬರಲಿಲ್ಲ. ಇದಕ್ಕೆ ಅವನು ಹೇಳುವ ಒಂದು ದೃಷ್ಟಾಂತ ಸೊಗಸಾಗಿದೆ. ಒಬ್ಬ ಕೊಡಲಿ ಕೊಳ್ಳಲು ಬಂದವನು, ಅಲಗಿನಂತೆಯೇ ಇಡೀ ಕೊಡಲಿಯೂ ಹೊಳೆಯಬೇಕೆಂದನಂತೆ. ಕಮ್ಮಾರ, “ಆಗಲಿ, ಸಾಣೆಯ ಚಕ್ರವನ್ನು ನೀನು ತಿರುಗಿಸು” ಎಂದ. ಚಕ್ರ ತಿರುಗಿಸಿ ತಿರುಗಿಸಿ ದಣಿದ ಗಿರಾಕಿ, ಕಡೆಗೆ ಚುಕ್ಕೆ ಚುಕ್ಕೆಯಾದ ಕೊಡಲಿಯೇ ಚೆಂದವೆಂದು ಹೇಳಿ ಹೊರಟುಹೋದ. ತನ್ನ ಸ್ಥಿತಿಯೂ ಅದೇ ಆಯಿತೆಂದು ಫ್ರಾಂಕ್ಲಿನ್ ನಗುತ್ತಾನೆ. ಆದರೆ ಆ ಪ್ರಯತ್ನ ಮಾಡದೆ ಇದ್ದಿದ್ದರೆ ಇಷ್ಟಾದರೂ ಒಳ್ಳೆಯವನಾಗುತ್ತಿರಲಿಲ್ಲ ಎಂಬುದನ್ನೂ ಸೇರಿಸುತ್ತಾನೆ. ಇದೇ ನಂಬತಕ್ಕ ಮಾತು. ನೂರಕ್ಕೆ ನೂರು ಸಿಕ್ಕಿತೆನ್ನುವ ಪುಸ್ತಕಕ್ಕಿಂತ, ನೂರಕ್ಕೆ ಅರವತ್ತು ಸಿಕ್ಕಿತೆನ್ನುವ ಪುಸ್ತಕ ಹೆಚ್ಚು ಬೆಲೆಯುಳ್ಳದ್ದು.

ಬರೆಯುವುದನ್ನು ಕಲಿತ ಬಗೆ

ಬರವಣಿಗೆಯಲ್ಲಿ ಆಸೆಯುಳ್ಳ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಫ್ರಾಂಕ್ಲಿನ್ನನ ಇನ್ನೊಂದು ಅಭ್ಯಾಸವನ್ನು ಅವರಿಗೆ ಹೇಳಿ. ಅಚ್ಚುಕೂಟದ ಹುಡುಗನಾಗಿದ್ದಾಗ ಅವನಿಗೆ ‘ಸ್ಪೆಕ್ಟೇಟರ್’ ಎಂಬ ಇಂಗ್ಲಿಷ್ ಪತ್ರಿಕೆಯ ಒಂದು ಸಂಪುಟ ಸಿಕ್ಕಿತು. ಅದರಲ್ಲಿನ ಪ್ರಬಂಧವನ್ನು ಓದಿ, ಒಂದೊಂದು ವಾಕ್ಯದ ಭಾವವನ್ನೂ ಎರಡು ಮೂರು ಶಬ್ದಗಳಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನು. ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ, ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಬರೆಯುತ್ತಿದ್ದನು. ಆಮೇಲೆ ಮೂಲದೊಡನೆ ಇಟ್ಟು ನೋಡಿ ತನ್ನ ತಪ್ಪುಗಳನ್ನು ತಿದ್ದುತ್ತಿದ್ದನು. ಶಬ್ದಸಂಪತ್ತು ಸಾಲದೆಂದು ಕಂಡಾಗ ಗದ್ಯದ ಕಥೆಯನ್ನು ಪದ್ಯ ಮಾಡಿ, ಮರೆತ ಮೇಲೆ ಆ ಪದ್ಯವನ್ನು ಮತ್ತೆ ಗದ್ಯ ಮಾಡುತ್ತಿದ್ದನು. ಗುರುತುಗಳನ್ನು ಕಲಸಿಟ್ಟು, ವಾರಗಳ ಮೇಲೆ ಅವನ್ನು ಸರಿಯಾದ ಕ್ರಮದಲ್ಲಿ ಜೋಡಿಸಲು ಯತ್ನಿಸುತ್ತಿದ್ದನು. ಇದಕ್ಕೆಲ್ಲ ಅವನಿಗೆ ಸಿಕ್ಕ ಹೊತ್ತು ಕೆಲಸದ ಮುಂಚಿನ ಬೆಳಗು, ಕೆಲಸದ ಅನಂತರದ ರಾತ್ರಿ ಮತ್ತು ಭಾನುವಾರ.

ಇಲ್ಲಿ ಸ್ಫೂರ್ತಿಯ ಮಾತೇ ಇಲ್ಲ ನೋಡಿ. ಕವಿರಾಜಮಾರ್ಗಕಾರನು ಮೊದಲ ಪರಿಚ್ಛೇದದಲ್ಲಿ ದೋಷವನ್ನಿಟ್ಟದ್ದಕ್ಕೂ ಈ ಹುಡುಗನ ಅಭ್ಯಾಸಕ್ಕೂ ಒಂದೇ ತತ್ತ್ವ. ರೇಡಿಯೋ ಇರುವ ಮನೆಯಲ್ಲಿ ಇದನ್ನು ಇನ್ನೂ ಸುಲಭವಾಗಿ ಮಾಡಬಹುದು. ಆಕಾಶವಾಣಿಯ ಒಂದು ಭಾಷಣವನ್ನೋ ಬೆಳಗಿನ ಚಿಂತನವನ್ನೋ ಮನಸ್ಸಿಟ್ಟು ಕೇಳಿ, ಹತ್ತು ಶಬ್ದಗಳಲ್ಲಿ ಗುರುತು ಮಾಡಿಕೊಂಡು, ಮೂರು ದಿನಗಳ ಮೇಲೆ ಆ ವಿಷಯವನ್ನು ಒಂದು ಪುಟದಷ್ಟು ಬರೆಯಲಿ. ಕೇಳಿದ ಮಾತು ಹಾರಿಹೋಗುವುದರಿಂದ ಕಿವಿಯೂ ಚುರುಕಾಗುತ್ತದೆ. ಮೂಲ ಎದುರಿಗಿಲ್ಲದ ಕಾರಣ ಶಬ್ದಗಳು ತಮ್ಮವೇ ಆಗುತ್ತವೆ. ಮನೆಯ ಹಿರಿಯರೊಬ್ಬರು ಅದೇ ಭಾಷಣವನ್ನು ಕೇಳಿದ್ದರೆ ತಿದ್ದುವುದಕ್ಕೂ ಜನ ಸಿಕ್ಕಿದಂತಾಯಿತು.

ಒಂದು ರಾತ್ರಿಯ ಓದು

ಪುಸ್ತಕವೊಂದು ಒಂದೇ ರಾತ್ರಿಯಲ್ಲಿ ಬಾಳನ್ನು ಬದಲಿಸಿದ ಉದಾಹರಣೆ ಬೇಕೆಂದರೆ ಗಾಂಧೀಜಿಯವರದು ಎಲ್ಲರಿಗೂ ತಿಳಿದದ್ದು. 1904ರಲ್ಲಿ ಅವರು ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟಾಗ ಗೆಳೆಯ ಪೋಲಾಕ್, ರೈಲು ನಿಲ್ದಾಣದಲ್ಲಿ, ರಸ್ಕಿನ್ನನ ‘ಅನ್ ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಅವರ ಕೈಗಿತ್ತರು. ಇಪ್ಪತ್ತನಾಲ್ಕು ಗಂಟೆಗಳ ಪ್ರಯಾಣ. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಎಲ್ಲರ ಹಿತದಲ್ಲೇ ತನ್ನ ಹಿತವಿದೆ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ. ಉಳುವವನ ಮತ್ತು ಕೈಕಸಬಿನವನ ಬಾಳೇ ಬಾಳತಕ್ಕ ಬಾಳು. ಈ ಮೂರು ಅಂಶಗಳು ಆ ಪುಸ್ತಕದಿಂದ ದೊರೆತವೆಂದು ಅವರು ಬರೆದಿದ್ದಾರೆ. ಅದೇ ವರ್ಷ ಡರ್ಬನ್ನಿನ ಹತ್ತಿರ ಜಮೀನು ಕೊಂಡು ಫೀನಿಕ್ಸ್ ಆಶ್ರಮವನ್ನು ಆರಂಭಿಸಿ, ತಮ್ಮ ಪತ್ರಿಕೆಯ ಅಚ್ಚುಕೂಟವನ್ನೂ ಅಲ್ಲಿಗೆ ಸಾಗಿಸಿದರು. 1908ರಲ್ಲಿ ಅದರ ಸಾರವನ್ನು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದರು. ಈ ಕಥೆಯಿರುವ ಆತ್ಮಕಥೆ ‘ನವಜೀವನ’ದಲ್ಲಿ ಕಂತು ಕಂತಾಗಿ ಬರುತ್ತಿದ್ದ ಕಾಲದಲ್ಲೇ, 1927ರ ಬೇಸಗೆಯಲ್ಲಿ, ಅವರು ನಮ್ಮ ನೆರೆಯ ನಂದಿಬೆಟ್ಟದಲ್ಲಿ ವಿಶ್ರಾಂತಿಗಾಗಿ ತಂಗಿದ್ದರು.

ಈ ಪ್ರಸಂಗದಲ್ಲಿ ನಾವು ಗಮನಿಸತಕ್ಕ ಅಂಶಗಳು ಎರಡು. ರಸ್ಕಿನ್ನನ ಪುಸ್ತಕ ಅರ್ಥಶಾಸ್ತ್ರವನ್ನು ಕುರಿತದ್ದು. ವ್ಯಕ್ತಿತ್ವ ವಿಕಸನದ ಸಾಲಿನಲ್ಲಿ ಅದನ್ನು ಯಾರೂ ಇಡುವುದಿಲ್ಲ. ಬಾಳನ್ನು ತಿದ್ದುವ ಪುಸ್ತಕ ಯಾವ ಸಾಲಿನಲ್ಲಿ ಸಿಕ್ಕೀತೆಂದು ಹೇಳಲಾಗದು. ಎರಡನೆಯದಾಗಿ, ತಮ್ಮೊಳಗೆ ಆಗಲೇ ಬೇರುಬಿಟ್ಟಿದ್ದ ನಂಬಿಕೆಗಳೇ ಆ ಪುಸ್ತಕದಲ್ಲಿ ಕಂಡವೆಂದು ಗಾಂಧೀಜಿ ಹೇಳುತ್ತಾರೆ. ಹದವಾದ ನೆಲಕ್ಕೆ ಬಿದ್ದ ಮಳೆ ಪೈರಾಯಿತು. ಅದೇ ಪುಸ್ತಕವನ್ನು ಓದಿ ಮಡಿಸಿಟ್ಟವರು ಎಷ್ಟು ಜನವಿದ್ದರೋ!

ತಮ್ಮನ್ನೇ ಮಂಕನೆಂದು ಕರೆದುಕೊಂಡ ಗುರು

ಇನ್ನು ನಮ್ಮ ಮನೆಯ ಮಾತು. ಕನ್ನಡಿಗರ ಬಾಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಆಸರೆ ಕೊಟ್ಟ ಪುಸ್ತಕ ಯಾವುದೆಂದು ಕೇಳಿದರೆ, ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ. ಅವರ ಪೂರ್ಣ ಹೆಸರು ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಹುಟ್ಟಿದ್ದು 1887ರಲ್ಲಿ ಮುಳಬಾಗಿಲಿನಲ್ಲಾದರೂ ಹೆಸರಿನ ಮೊದಲಕ್ಷರದಲ್ಲಿ ನಮ್ಮ ದೇವನಹಳ್ಳಿಯನ್ನು ಹೊತ್ತು ನಡೆದವರು. ಅವರಿಗೆ ಕಾಲೇಜಿನ ಪದವಿ ಇರಲಿಲ್ಲ. ಸ್ವಂತ ಓದಿನಿಂದಲೇ ಸಂಸ್ಕೃತ, ಇಂಗ್ಲಿಷ್, ರಾಜ್ಯಶಾಸ್ತ್ರ, ವೇದಾಂತಗಳಲ್ಲಿ ಪ್ರೌಢಿಮೆ ಪಡೆದು, ಪತ್ರಿಕಾಸಂಪಾದಕರಾಗಿ ಬಾಳಿದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಸ್ಮೈಲ್ಸ್ ಆ ಕಾಲಕ್ಕೆ ಬದುಕಿದ್ದರೆ ತನ್ನ ಪುಸ್ತಕಕ್ಕೆ ಒಂದು ಅಧ್ಯಾಯ ಸೇರಿಸಿಕೊಳ್ಳುತ್ತಿದ್ದನು.

1943ರಲ್ಲಿ ಪ್ರಕಟವಾದ ಕಗ್ಗದಲ್ಲಿ 945 ಪದ್ಯಗಳಿವೆ. ಒಂದೊಂದೂ ನಾಲ್ಕು ಪಾದದ್ದು. ಕಗ್ಗವೆಂದರೆ ತಲೆಬುಡ ತಿಳಿಯದ ಸಿಕ್ಕುಮಾತು ಎಂಬ ಅರ್ಥ ರೂಢಿಯಲ್ಲಿದೆ. ಹೇಳುವವನು ಮಂಕುತಿಮ್ಮ, ಎಂದರೆ ಬುದ್ಧಿ ಸಾಲದವನು. ಇಲ್ಲಿಯೇ ಇದಕ್ಕೂ ಅಂಗಡಿಯ ಮುಂದಿನ ಸಾಲಿನ ಪುಸ್ತಕಗಳಿಗೂ ಇರುವ ಅಂತರ ಕಾಣುತ್ತದೆ. ಅಲ್ಲಿ ಗೆದ್ದವನು ಮೆಟ್ಟಿಲ ಮೇಲೆ ನಿಂತು, “ನನ್ನಂತೆ ಆಗು” ಎಂದು ಕೆಳಗಿದ್ದವನಿಗೆ ಹೇಳುತ್ತಾನೆ. ಇಲ್ಲಿ ಹೇಳುವವನು ಪದ್ಯದ ಕೊನೆಯಲ್ಲಿ ತನ್ನನ್ನೇ ಮಂಕನೆಂದು ಕೂಗಿ, ತನಗೇ ಬುದ್ಧಿ ಹೇಳಿಕೊಳ್ಳುತ್ತಾನೆ. ಓದುವವನು ಅವನ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಾನೆ. ಬುದ್ಧಿಮಾತು ಚುಚ್ಚದಿರುವುದಕ್ಕೆ ಇದೇ ಕಾರಣ.

ಇನ್ನೊಂದು ಅಂತರವೂ ಇದೆ. ಕಗ್ಗವು ಎಲ್ಲವೂ ನಿನ್ನ ಕೈಯಲ್ಲಿದೆಯೆಂದು ಆಸೆ ತೋರುವುದಿಲ್ಲ. ವಿಧಿಯೆಂಬುದೊಂದುಂಟು, ಅದು ಕರೆದಲ್ಲಿಗೆ ಹೋಗಬೇಕಾದ ಸಂದರ್ಭಗಳುಂಟು ಎಂದು ನೇರವಾಗಿ ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡು ಕೈಚೆಲ್ಲಿ ಕೂರು ಎನ್ನುವುದೂ ಇಲ್ಲ. ಇದ್ದಲ್ಲೇ ಇತರರಿಗೆ ಉಪಯೋಗವಾಗಿ, ಬಂದ ಕೆಲಸವನ್ನು ಮಾಡುತ್ತ, ಎಲ್ಲರೊಳಗೊಂದಾಗಿ ಇರು ಎನ್ನುತ್ತದೆ. ಪರೀಕ್ಷೆಯಲ್ಲಿ ಗೆದ್ದವನೂ ಇದನ್ನು ಓದಬಹುದು, ಸೋತವನೂ ಓದಬಹುದು. ಸೋತವನು ಓದಲಾಗದ ಪುಸ್ತಕ ಬಾಳಿನ ಪುಸ್ತಕವಾಗಲಾರದು.

ಡಿ.ವಿ.ಜಿ. ಹೇಳಿದ್ದನ್ನು ಒಬ್ಬರೇ ಕುಳಿತು ಮಾಡಲಿಲ್ಲ. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಅಲ್ಲಿ ತರುಣರೊಡನೆ ಕುಳಿತು ಓದಿದರು, ಓದಿಸಿದರು. 1970ರಲ್ಲಿ ನಾಡಿನವರು ಸನ್ಮಾನಿಸಿ ಅರ್ಪಿಸಿದ ತೊಂಬತ್ತು ಸಾವಿರ ರೂಪಾಯಿಗಳನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಭಗವದ್ಗೀತೆಯನ್ನು ದಿನದಿನದ ಬಾಳಿಗೆ ಹೊಂದಿಸಿ ವಿವರಿಸಿದ ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಗ್ಗದ ಕನ್ನಡ ಕಠಿನವೆನಿಸುವವರು, ರಾಮಕೃಷ್ಣ ಸಂಘದ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ಯಿಂದ ಆರಂಭಿಸಬಹುದು. ತಿಳಿಯಾದ ಗದ್ಯದಲ್ಲಿ, ನಡೆದ ಸಂಗತಿಗಳನ್ನೂ ದೃಷ್ಟಾಂತಗಳನ್ನೂ ಹೇಳುತ್ತ ಹೋಗುವ ಆ ಪುಸ್ತಕ ನಮ್ಮ ಎಷ್ಟೋ ವಿದ್ಯಾರ್ಥಿಗಳ ಕೈಹಿಡಿದಿದೆ, ಇಂಗ್ಲಿಷಿಗೂ ಹೋಗಿದೆ.

ಹಾಸು ಮತ್ತು ಹೊಕ್ಕು

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ‘ಗಟ್ಟಿಯಾಗಿ ಬಯಸು, ಬಂದೇ ಬರುತ್ತದೆ, ಬಾರದಿದ್ದರೆ ನೀನು ಬಯಸಿದ್ದು ಸಾಲದು’ ಎನ್ನುವ ಪುಸ್ತಕಗಳಿವೆ. ಈ ವಾದದ ಜಾಣತನ ನೋಡಿ. ಗೆದ್ದರೆ ಕೀರ್ತಿ ಪುಸ್ತಕಕ್ಕೆ, ಸೋತರೆ ತಪ್ಪು ಓದಿದವನದು. ದೊಡ್ಡಬಳ್ಳಾಪುರದ ಒಂದು ನೇಕಾರರ ಮನೆಯನ್ನು ಎಣಿಸಿಕೊಳ್ಳಿ. 2020ರ ಕೊರೋನಾ ದಿಗ್ಬಂಧನದಲ್ಲಿ ಮಗ್ಗಗಳು ನಿಂತವು, ಕೂಲಿ ನಿಂತಿತು. ಆ ಮನೆಯ ಯುವಕನ ಕೈಗೆ ಇಂಥ ಪುಸ್ತಕವೊಂದು ಸಿಕ್ಕಿ, ‘ನಿನ್ನ ಬಡತನಕ್ಕೆ ನಿನ್ನ ಯೋಚನೆಯೇ ಕಾರಣ’ ಎಂದರೆ, ಅದು ಗಾಯದ ಮೇಲೆ ಉಪ್ಪು ಸುರಿದಂತಲ್ಲವೆ? ನೂಲಿನ ಬೆಲೆ, ಮಾರುಕಟ್ಟೆ, ಸಾಲದ ಬಡ್ಡಿ, ಸಾಂಕ್ರಾಮಿಕ ರೋಗ, ಇವು ಯಾವುವೂ ಅವನ ಯೋಚನೆಯಿಂದ ಹುಟ್ಟಿದವಲ್ಲ.

ಮಗ್ಗದ ಮುಂದೆ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು. ಬಟ್ಟೆಯಲ್ಲಿ ಹಾಸು ಉಂಟು, ಹೊಕ್ಕು ಉಂಟು. ಹಾಸಿನ ನೂಲು ಎಷ್ಟು ಉದ್ದ, ಎಷ್ಟು ಎಳೆ ಎಂಬುದು ನೇಯಲು ಕೂರುವ ಮುಂಚೆಯೇ ನಿಶ್ಚಯವಾಗಿರುತ್ತದೆ. ಲಾಳಿಯಲ್ಲಿ ಹಾಯುವ ಹೊಕ್ಕಿನ ನೂಲು ನೇಯುವವನ ಎಚ್ಚರಕ್ಕೆ ಸೇರಿದ್ದು. ಹಾಸು ಸರಿಯಿಲ್ಲವೆಂದು ಲಾಳಿಯನ್ನು ಕೈಬಿಟ್ಟರೆ ಬಟ್ಟೆಯಾಗುವುದಿಲ್ಲ. ಹೊಕ್ಕೇ ಸರ್ವಸ್ವವೆಂದರೂ ಆಗುವುದಿಲ್ಲ. ಹೊಕ್ಕನ್ನು ಮಾತ್ರ ಹೇಳುವ ಪುಸ್ತಕ ಅರ್ಧ ಸತ್ಯದ್ದು. ಎರಡನ್ನೂ ಹೇಳುವ ಪುಸ್ತಕವನ್ನು ಆರಿಸಿಕೊಳ್ಳಿ.

ತಂದೆತಾಯಂದಿರು ಮುಖ್ಯವಾಗಿ ಕೇಳಬೇಕಾದ ಮಾತು ಇನ್ನೊಂದಿದೆ. ಮನೆಯ ಮಗನೋ ಮಗಳೋ ನಿದ್ದೆ ಊಟ ಬಿಟ್ಟು, ಮಾತು ಕಡಿಮೆ ಮಾಡಿ, ಬದುಕೇ ಸಾಕು ಎಂಬಂತೆ ಇದ್ದರೆ, ಕೈಗೆ ಒಂದು ಪುಸ್ತಕ ಕೊಟ್ಟು ‘ಧೈರ್ಯವಾಗಿರು’ ಎನ್ನುವುದು ಸಾಲದು. ಜ್ವರಕ್ಕೆ ವೈದ್ಯರಿರುವಂತೆ ಮನಸ್ಸಿನ ಬೇನೆಗೂ ವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಣವಿಲ್ಲದೆ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಫಲಿತಾಂಶ ಬರುವ ವಾರದಲ್ಲಿ ಈ ಸಂಖ್ಯೆ ಮನೆಯ ಗೋಡೆಯ ಮೇಲೆ ಇರಲಿ.

ಹೇಗೆ ಓದಬೇಕು

ನಮ್ಮ ಹಳ್ಳಿಗಳಲ್ಲಿ ‘ಸ್ವಸಹಾಯ’ ಎಂಬ ಶಬ್ದವನ್ನು ಕೇಳಿದರೆ ಯಾರೂ ಪುಸ್ತಕವನ್ನು ನೆನೆಯುವುದಿಲ್ಲ, ಸಂಘವನ್ನು ನೆನೆಯುತ್ತಾರೆ. 2000-01ರಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲೆ ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಚಾಪೆ ಹಾಸಿ ಕುಳಿತು, ಉಳಿತಾಯ ಕಟ್ಟಿ, ಸಾಲದ ಲೆಕ್ಕ ಬರೆದು, ಸಹಿ ಹಾಕುವುದು ಊರೂರಿನ ನೋಟವಾಯಿತು. ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳು ಆ ಲೆಕ್ಕದ ಪುಸ್ತಕಕ್ಕಾಗಿಯೇ ಅಕ್ಷರ ಕಲಿತ ಉದಾಹರಣೆಗಳು ನಮ್ಮ ಸುತ್ತಲೂ ಇವೆ. ಲೀಡ್ಸಿನ ಆ ಕೋಣೆಯ ಗುಂಪು, ಫ್ರಾಂಕ್ಲಿನ್ನನ ಗೆರೆ ಎಳೆದ ಪುಸ್ತಕ, ಎರಡೂ ಇಲ್ಲಿ ಒಂದಾಗಿವೆ. ನಾವೇ ಕೈಯಿಂದ ಬರೆಯುವ ಪುಸ್ತಕ, ಅದನ್ನು ನೋಡಿ ಕೇಳುವ ನಾಲ್ಕು ಜನ, ಇವೆರಡು ಇದ್ದರೆ ಓದಿದ್ದು ಕೈಗೆ ಇಳಿಯುತ್ತದೆ.

ಇದರಿಂದ ಓದುವ ಕ್ರಮವೂ ತಾನಾಗಿಯೇ ತಿಳಿಯುತ್ತದೆ. ವರ್ಷಕ್ಕೆ ಹತ್ತು ಪುಸ್ತಕ ಕೊಳ್ಳುವುದಕ್ಕಿಂತ ಒಂದನ್ನು ಹತ್ತು ಸಲ ಓದುವುದು ಮೇಲು. ಕೊಳ್ಳುವ ಮುಂಚೆ ಸಾರ್ವಜನಿಕ ಗ್ರಂಥಾಲಯದಿಂದ ತಂದು ನೋಡಿ. 1965ರ ಗ್ರಂಥಾಲಯ ಕಾಯಿದೆಯ ಫಲವಾಗಿ ನಮ್ಮ ಪಟ್ಟಣಗಳಲ್ಲಿ ಈ ಅನುಕೂಲವಿದೆ. ಬರೆದವನು ತನ್ನ ಸೋಲನ್ನು ಎಲ್ಲಿಯಾದರೂ ಒಪ್ಪಿಕೊಂಡಿದ್ದಾನೆಯೇ, ನೆರೆಯವನ ಹಿತಕ್ಕೆ ಅದರಲ್ಲಿ ಜಾಗವಿದೆಯೇ, ನಾಳೆ ಬೆಳಗ್ಗೆ ಮಾಡಬಹುದಾದ ಒಂದು ಕೆಲಸವನ್ನಾದರೂ ಹೇಳಿದೆಯೇ ಎಂದು ಪರೀಕ್ಷಿಸಿ. ಓದಿದ ಮೇಲೆ ಒಂದೇ ಒಂದು ಅಂಶವನ್ನು ಆರಿಸಿಕೊಂಡು, ಎರಡು ರೂಪಾಯಿಯ ಹಾಳೆಯ ಮೇಲೆ ಗೆರೆ ಎಳೆದು, ಒಂದು ವಾರ ನಡೆಸಿ. ಬೆಳಗ್ಗೆ ಒಂದು ಗಂಟೆ ಬೇಗ ಏಳುವುದಾಗಲಿ, ದಿನಕ್ಕೆ ಅರ್ಧ ಪುಟ ಬರೆಯುವುದಾಗಲಿ, ಮನೆಯವರೊಡನೆ ಸಿಡುಕದಿರುವುದಾಗಲಿ, ಯಾವುದಾದರೂ ಸರಿ. ಚುಕ್ಕೆಗಳು ಬೀಳುತ್ತವೆ, ಬೀಳಲಿ. ಅವುಗಳ ಸಂಖ್ಯೆ ಕಡಿಮೆಯಾದರೆ ಸಾಕು.

ಸಾಧ್ಯವಾದರೆ ಒಬ್ಬರೇ ಓದಬೇಡಿ. ಊಟವಾದ ಮೇಲೆ, ರೇಡಿಯೋ ನಿಲ್ಲಿಸಿ, ಮನೆಯಲ್ಲಿ ಓದಬಲ್ಲ ಮಗುವಿನಿಂದ ಕಗ್ಗದ ಒಂದು ಪದ್ಯವನ್ನು ಗಟ್ಟಿಯಾಗಿ ಓದಿಸಿ. ಅಜ್ಜಿ ಒಂದು ಅರ್ಥ ಹೇಳಲಿ, ಅಪ್ಪ ಇನ್ನೊಂದು ಹೇಳಲಿ, ತಾಯಿ ಎರಡನ್ನೂ ಅಲ್ಲಗಳೆಯಲಿ. 945 ಪದ್ಯಗಳು, ದಿನಕ್ಕೊಂದರಂತೆ ಎರಡೂವರೆ ವರ್ಷಕ್ಕಿಂತ ಕೊಂಚ ಹೆಚ್ಚು ಹಿಡಿದೀತು. ಅಷ್ಟರಲ್ಲಿ ಓದುತ್ತಿದ್ದ ಮಗು ದೊಡ್ಡ ತರಗತಿಗೆ ಬಂದಿರುತ್ತದೆ. ಅದು ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದೀತೆಂದು ಯಾವ ಪುಸ್ತಕವೂ ಹೇಳಲಾರದು. ಆದರೆ ಅಂಕ ಕಡಿಮೆ ಬಂದ ದಿನ, ಮನೆಯಲ್ಲಿ ಕೂತು ಮಾತನಾಡಲು ಒಂದು ಜಾಗವಿದೆಯೆಂಬುದು ಆ ಮಗುವಿಗೆ ಗೊತ್ತಿರುತ್ತದೆ.